ಹೊಸ ಏಟು, ಹಳೆಯ ಏಟು

ಬೆಸಗರಹಳ್ಳಿ
20 ನವೆಂಬರ್ 2023

ಅರ್ಪಿತ,

ಕವರಿನ ಮೇಲಿನ ಬರಹ ನೋಡಿಯೇ ಇದು ಅವ್ವನ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಾದರೆ ಓದಿ ಆಮೇಲೆ ಹರಿ. ನೀನು ಮನೆ ಬಿಟ್ಟು ಹೋದ ಮೇಲೆ ನಿನ್ನನ್ನು ಏನನ್ನೂ ಕೇಳಿದವಳಲ್ಲ ನಾನು. ಈಗ ಕೇಳಬೇಕಾಗಿದೆ. ಮನೆಗಿರುವುದು ಒಂದೇ ಫೋನು, ಅದು ನಿಮ್ಮಪ್ಪನ ಜೇಬು ಬಿಟ್ಟು ಈಚೆಗೆ ಬರುವುದಿಲ್ಲ. ಪಕ್ಕದ ಮನೆ ದೇವಿರಮ್ಮನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ನಿಮ್ಮಪ್ಪ ಡೈರಿಗೆ ಹಾಲು ಹಾಕಲು ಹೋದರು. ಸಾಲಿನಲ್ಲಿ ನಿಮ್ಮ ಚಿಕ್ಕಪ್ಪ ಚಿಕ್ಕಬೋರಯ್ಯ ಮುಂದೆ ನಿಂತಿದ್ದ. "ಬಾ ಅಣ್ಣ, ನೀನೇ ಮುಂದುಕ್ ಬಾ" ಅಂದನಂತೆ, ಅಷ್ಟೇ. ನಿಮ್ಮಪ್ಪ ಹಾಲಿನ ಕ್ಯಾನನ್ನೇ ಬೀಸಿ ಅವನ ಬಾಯಿಗೆ ಹೊಡೆದರು. ಚೆಲ್ಲಿದ ಹಾಲಿನಲ್ಲಿ ಎರಡು ಹಲ್ಲು ಬಿದ್ದವು. ನೆಲಕ್ಕುರುಳಿದ ತಮ್ಮನ ಎದೆಯ ಮೇಲೆ ಕಾಲಿಟ್ಟು ಇನ್ನೊಂದು ಸಲ ಬೀಸಲು ಹೋದಾಗ ಊರವರು ಹಿಡಿದುಕೊಂಡರು. ಮನೆಗೆ ಬಂದರು. ಅಂಗಿಯ ಮೇಲೆ ತಮ್ಮನ ರಕ್ತ ಹಾಗೇ ಇತ್ತು. "ಇಟ್ಟಾಯ್ತಾ? ಒಟ್ಟೆ ಅಸೀತದೆ" ಎಂದು ತಟ್ಟೆ ಮುಂದೆ ಕೂತರು.

ನಿಮ್ಮಪ್ಪನ ಕೈ ಎಂಥದು ಎಂದು ನಿನಗೆ ಗೊತ್ತು. ನನಗೆ ಮೂವತ್ತು ವರ್ಷದಿಂದ ಗೊತ್ತು. ಆದರೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಮರಿಸಿದ್ದಯ್ಯ ಬೀದಿಯಲ್ಲಿ ಯಾರ ಮೇಲಾದರೂ ದನಿ ಎತ್ತಿದ್ದನ್ನು ಕಂಡವರಿದ್ದಾರೆಯೇ? ಊರಿಗೆ ಅವರು ದೇವರಂಥ ಮನುಷ್ಯ. ಏನಿದ್ದರೂ ಬಾಗಿಲು ಹಾಕಿಕೊಂಡು, ಕುಪ್ಪಸ ಮುಚ್ಚುವ ಕಡೆ ಮಾತ್ರ. ಈಗ ಹಾಗಿಲ್ಲ. ಹೋದ ತಿಂಗಳು ಹಾಲು ಕರೆಯುವಾಗ ಅಲುಗಾಡಿತೆಂದು ಎಮ್ಮೆಯ ಕಣ್ಣಿಗೆ ಗೂಟದಿಂದ ತಿವಿದರು. ಅದು ಒಂದೇ ಕಣ್ಣಿನಲ್ಲಿ ಮೇಯುತ್ತಿದೆ. ಹಟ್ಟಿ ಹೆಂಗಸರು ಓಡಾಡುವ ಹೊತ್ತಿನಲ್ಲೇ ಅಂಗಳದಲ್ಲಿ ನಿಂತು ಉಚ್ಚೆ ಹೊಯ್ದರು. ಕೇಳಿದರೆ ತಲೆನೋವು ಅನ್ನುತ್ತಾರೆ.

ನೀನು ಮಳವಳ್ಳಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೀಯ ಎಂದು ಕೇಳಿದ್ದೇನೆ. ಇದಕ್ಕೆ ಯಾವ ಡಾಕ್ಟರು ಎಂದು ತಿಳಿಸು. ದೇವಿರಮ್ಮನ ಹೆಸರಿಗೆ ಬರೆ.

ನಿನ್ನ ಅವ್ವ
ಹೊಂಬಾಳಮ್ಮ


ಮಳವಳ್ಳಿ
27 ನವೆಂಬರ್ 2023

ಅವ್ವಾ,

ಓದಿದೆ. ಹರಿಯಲಿಲ್ಲ. ಆದರೆ ಅಯ್ಯೋ ಅನ್ನಿಸಲೂ ಇಲ್ಲ.

ಆ ಮನುಷ್ಯ ಬೀದಿಯಲ್ಲಿ ಹೊಡೆದದ್ದಕ್ಕೆ ಅದು ನಿನಗೆ ಕಾಯಿಲೆಯಂತೆ ಕಂಡಿತು. ಬಾಗಿಲು ಹಾಕಿಕೊಂಡು ಹೊಡೆಯುವವರೆಗೆ ಸಂಸಾರವಾಗಿತ್ತು, ಅಲ್ಲವಾ? ನಿನ್ನ ಪಕ್ಕೆಲುಬು ಮುರಿದ ದಿನ ನಿನ್ನನ್ನು ಆಟೋದಲ್ಲಿ ಹಾಕಿಕೊಂಡು ಠಾಣೆಗೆ ಹೋದವಳು ನಾನು. ದೂರು ಬರೆದವಳು ನಾನು. ನೀನು ಎಲ್ಲರ ಮುಂದೆ ನಿಂತು, "ಬಚ್ಚಲಲ್ಲಿ ಜಾರ್ ಬಿದ್ದೆ ಕಣಪ್ಪ, ನನ್ ಮಗ್ಳು ಸುಳ್ಳು ಏಳ್ತಾವ್ಳೆ" ಅಂದೆ. ಅವತ್ತು ಮನೆಗೆ ಬಂದ ಮೇಲೆ ಆತ ನನ್ನ ಬೆರಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದ. ನೀನು ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದೆ. ತಿರುಗಲಿಲ್ಲ.

ಆ ಬೆರಳು ಇವತ್ತಿಗೂ ಮಡಿಚುವುದಿಲ್ಲ.

ಲ್ಯಾಬಿಗೆ ಬರುವ ಯಾರೇ ಕೇಳಿದರೂ ಹೇಳುವಷ್ಟನ್ನು ನಿನಗೂ ಹೇಳುತ್ತೇನೆ. ಈ ವಯಸ್ಸಿನಲ್ಲಿ ಒಬ್ಬರ ನಡತೆ ಹೀಗೆ ದಿಢೀರನೆ ಬದಲಾದರೆ ನರರೋಗದ ಡಾಕ್ಟರಿಗೆ ತೋರಿಸಬೇಕು. ಮಂಡ್ಯದಲ್ಲಿ ಇದ್ದಾರೆ. ಅಷ್ಟೇ.

ಅರ್ಪಿತ


ಬೆಸಗರಹಳ್ಳಿ
15 ಡಿಸೆಂಬರ್ 2023

ಅರ್ಪಿತ,

ನೀನು ಬರೆದದ್ದರಲ್ಲಿ ಸುಳ್ಳಿಲ್ಲ.

ಮಂಡ್ಯಕ್ಕೆ ಹೋಗಲು ಚಿಕ್ಕಬೋರಯ್ಯ ಒಪ್ಪಲಿಲ್ಲ. "ನರದ್ ಡಾಕ್ಟ್ರು ಅಂದ್ರೆ ಊರೋರು ಮೇಷ್ಟ್ರಿಗೆ ಉಚ್ಚು ಅಂತಾರೆ ಕಣತ್ಗೆ, ಬ್ಯಾಡ" ಎಂದು ಮದ್ದೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ತುಟಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ ಅವನದು. "ಏನಿಲ್ಲ ಸಾ, ರಿಟೈರಾದ್ಮೇಕೆ ಒಸಿ ಟೆನ್ಸನ್ನು, ನಿದ್ದೆ ಬರಾಕಿಲ್ಲ" ಎಂದು ಎಲ್ಲದಕ್ಕೂ ಅವನೇ ಉತ್ತರ ಕೊಟ್ಟ. ನಿನ್ನ ಬಾಯಿಗೇನಾಯಿತು ಎಂದು ಡಾಕ್ಟರು ಕೇಳಿದರೆ, ಬೈಕಿನಿಂದ ಬಿದ್ದೆ ಅಂದ. ನಮ್ಮ ಮನೆಯವರೆಲ್ಲ ಬೀಳುವವರೇ. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ "ನೀವೇನಮ್ಮ ಹೇಳ್ತೀರಿ?" ಎಂದರು. ಮೂರು ಜನವೂ ನನ್ನ ಮುಖ ನೋಡುತ್ತಿದ್ದರು. "ಒಸಿ ಕೋಪ ಜಾಸ್ತಿ" ಅಂದೆ. ಬಂದದ್ದಕ್ಕೆ ನನ್ನ ಮಂಡಿನೋವಿಗೂ ಒಂದು ಮಾತ್ರೆ ಬರೆಸಿಕೊಂಡೆ. ಎದ್ದು ಈಚೆಗೆ ಬರುವಷ್ಟರಲ್ಲಿ ಮುಂದಿನವರು ಒಳಗೆ ಹೋಗಿಯಾಗಿತ್ತು.

ನಿದ್ದೆಯ ಮಾತ್ರೆ ತಿಂದು ಇನ್ನೂ ಕೆಟ್ಟಿತು. ಮೊನ್ನೆ ಮಧ್ಯಾಹ್ನ ಒಲೆಯ ಮೇಲೆ ಬಸ್ಸಾರು ಇಟ್ಟು ಹಿತ್ತಲಿಗೆ ಹೋಗಿದ್ದೆ. ತಳ ಹಿಡಿದು ಮನೆಯೆಲ್ಲ ಕಮಟು ಹೊಗೆ. ಓಡಿ ಬಂದರೆ ನಿಮ್ಮಪ್ಪ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದಾರೆ! ಸಾರಿನಲ್ಲಿ ಕೊತ್ತಂಬರಿ ಸೊಪ್ಪು ಕಮ್ಮಿಯಾದರೆ ಮೂಸಿಯೇ ಕಂಡುಹಿಡಿದು ತಟ್ಟೆ ಎಸೆಯುತ್ತಿದ್ದವರು. "ಸೀದ ವಾಸ್ನೆ ಬರ್ನಿಲ್ವಾ?" ಎಂದೆ. ಎದ್ದರು. ಹೆಗಲ ಮೇಲಿನ ಟವೆಲನ್ನು ನನ್ನ ಕುತ್ತಿಗೆಗೆ ಸುತ್ತಿ ಎರಡೂ ಕಡೆಯಿಂದ ಎಳೆದು ಎತ್ತಿಬಿಟ್ಟರು. ನನ್ನ ಕಾಲು ನೆಲ ಬಿಟ್ಟಿತು. ನಾಲಿಗೆ ಹೊರಗೆ ಬಂತು. ನಾನು ಒದೆಯುತ್ತಿರುವ ಸದ್ದು ಕೇಳಿ ದೇವಿರಮ್ಮ ಒನಕೆ ತಂದು ಅವರ ಮೊಣಕೈಗೆ ಹೊಡೆದಳು. ಆಗ ಬಿಟ್ಟರು. ಬಿಟ್ಟವರು ಕೂತು ಪೇಪರು ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ನೋಡಿ, "ಅದೇನೇ ಕತ್ನಾಗೆ ಬರೆ?" ಎಂದರು. ನಾಟಕವಲ್ಲ ಅರ್ಪಿತ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಇದು ಆ ಏಟಲ್ಲ. ಹಳೆಯ ಏಟಿಗೆ ಮುಂಚೆ ಅವರ ಮುಖ ತಣ್ಣಗಾಗುತ್ತಿತ್ತು. ಅಂಗಿಯ ತೋಳು ಮಡಚುತ್ತಿದ್ದರು. ಎಲ್ಲಿ ಹೊಡೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎನ್ನುವುದು ಕೈಗೆ ಗೊತ್ತಿರುತ್ತಿತ್ತು. ಆದ ಮೇಲೆ ಅವರೇ ಅರಿಶಿನ ಕಲಸಿ ತರುತ್ತಿದ್ದರು, ಬಾವು ಯಾರಿಗೂ ಕಾಣದಿರಲಿ ಎಂದು. ಈಗ ಹೊಡೆಯುತ್ತಿರುವವರು ಯಾರೋ ನನಗೆ ಗೊತ್ತಿಲ್ಲ. ಇದನ್ನು ಡಾಕ್ಟರಿಗೆ ಹೇಗೆ ಹೇಳುವುದು? ಹೇಳಿಕೊಡು.

ಅವ್ವ


ಮಳವಳ್ಳಿ
20 ಡಿಸೆಂಬರ್ 2023

ಅವ್ವಾ,

ಕತ್ತು ಹೇಗಿದೆ? ನುಂಗಲು ಆಗುತ್ತಿದೆಯಾ? ದನಿ ಒಡೆದಿದ್ದರೆ, ಉಸಿರು ಎಳೆಯಲು ಕಷ್ಟವಾದರೆ ಒಂದು ಗಳಿಗೆ ಕಾಯಬೇಡ, ದೇವಿರಮ್ಮನ ಜೊತೆ ಆಸ್ಪತ್ರೆಗೆ ಓಡು.

ಮಂಡ್ಯದಲ್ಲಿ ನರರೋಗದ ಡಾಕ್ಟರು ಕಹಕಶಾನ್ ಅವರ ಹತ್ತಿರ ಜನವರಿ ನಾಲ್ಕಕ್ಕೆ ಹೆಸರು ಬರೆಸಿದ್ದೇನೆ. ಚಿಕ್ಕಪ್ಪನನ್ನು ಕರೆದುಕೊಂಡು ಹೋಗಬೇಡ. ಮರ್ಯಾದೆ ಉಳಿಸಲು ಬರುವವರಿಂದ ಡಾಕ್ಟರಿಗೆ ಉಪಯೋಗವಿಲ್ಲ. ದೇವಿರಮ್ಮನೇ ಸರಿ, ಅವಳು ಕಣ್ಣಾರೆ ಕಂಡಿದ್ದಾಳೆ. ಆತನಿಗೆ ತಲೆನೋವಿಗೆ ತೋರಿಸೋಣ ಎನ್ನು. ಅದು ಸುಳ್ಳೇನಲ್ಲ.

ನಮ್ಮಲ್ಲಿಗೆ ರಕ್ತ ಕೊಡಲು ಬರುವವರನ್ನು, ಡಾಕ್ಟರು ಏನಂದರು ಎಂದು ಕೇಳಿದರೆ ಅರ್ಧ ಜನ "ಗೊತ್ತಿಲ್ಲ ಕಣವ್ವ, ಚೀಟಿ ಕೊಟ್ರು" ಅನ್ನುತ್ತಾರೆ. ಗ್ಯಾಸು, ಮಂಡಿ, ನಿದ್ದೆ ಎಂದು ಶುರುಮಾಡಿ, ಬಂದ ವಿಷಯವನ್ನು ಬಾಗಿಲ ಹತ್ತಿರ ಎದ್ದು ನಿಂತಾಗ ಹೇಳುತ್ತಾರೆ. ನೀನು ಹಾಗೆ ಮಾಡಬೇಡ. ಎಲ್ಲಕ್ಕಿಂತ ಕೆಟ್ಟದ್ದನ್ನು ಮೊದಲು ಹೇಳು. "ಒಸಿ ಕೋಪ" ಎಂಬ ಮಾತು ಬಾಯಿಗೆ ಬರಕೂಡದು. ಟವೆಲ್ ಎನ್ನು, ಕ್ಯಾನು ಎನ್ನು, ಎಮ್ಮೆಯ ಕಣ್ಣು ಎನ್ನು. ಆತನ ಮುಂದೆ ನಿನಗೆ ಬಾಯಿ ಬರುವುದಿಲ್ಲ, ನನಗೆ ಗೊತ್ತು. ಹೆಸರು ಕೂಗುವ ಹುಡುಗಿಗೆ ಮೊದಲೇ ಹೇಳಿಡು, ಆತನನ್ನು ತೂಕ ನೋಡಲು ಕರೆದಾಗ ನೀನೊಬ್ಬಳೇ ಡಾಕ್ಟರ ಹತ್ತಿರ ಮಾತಾಡಬೇಕೆಂದು. ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ ಅವುಗಳ ಹಾಳೆಯ ಸಮೇತ ಚೀಲಕ್ಕೆ ಹಾಕಿಕೋ. ವಾಸನೆ ಗೊತ್ತಾಗದ್ದನ್ನು ಮರೆಯದೆ ಹೇಳು, ಅಂಗಳದಲ್ಲಿ ಉಚ್ಚೆ ಹೊಯ್ದದ್ದನ್ನೂ ನಾಚಿಕೆ ಬಿಟ್ಟು ಹೇಳು. ಡಾಕ್ಟರು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ ಸರಿಯಾ ಎಂದು ಕೇಳು. ಮುಂದೇನು, ಅಷ್ಟರೊಳಗೆ ಹೊಡೆದರೆ ಯಾರಿಗೆ ಹೇಳುವುದು ಎಂದು ಕೇಳದೆ ಕುರ್ಚಿ ಬಿಟ್ಟು ಏಳಬೇಡ.

ಅವರು ಖಂಡಿತ ಕೇಳುತ್ತಾರೆ, ಯಾವಾಗಿನಿಂದ ಎಂದು. ಅವ್ವಾ, ಎರಡನ್ನೂ ಹೇಳು. ಹೊಸದನ್ನು ಹೇಳಿ ಹಳೆಯದನ್ನು ಮುಚ್ಚಿಟ್ಟರೆ ಆತ ಮೂವತ್ತು ವರ್ಷ ಒಳ್ಳೆಯವನಾಗಿದ್ದ ಎಂದಾಗುತ್ತದೆ. ಹಳೆಯದನ್ನಷ್ಟೇ ಹೇಳಿದರೆ, ಕುಡುಕರ ಮನೆಯ ಜಗಳದಂತೆ ಇದೂ ಒಂದು ಎಂದುಕೊಂಡು ಅವರು ಸ್ಕ್ಯಾನ್ ಮಾಡಿಸದೆ ಬಿಟ್ಟಾರು.

ನಾನು ಬರುವುದಿಲ್ಲ. ಕೇಳಬೇಡ.

ಅರ್ಪಿತ


ಬೆಸಗರಹಳ್ಳಿ
8 ಜನವರಿ 2024

ಅರ್ಪಿತ,

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಯೊಳಗೇ ಹೇಳಿಕೊಳ್ಳುತ್ತಾ ಹೋದೆ. "ಏನೇ ಅದು ಮಣಮಣ?" ಎಂದು ನಿಮ್ಮಪ್ಪ ಎರಡು ಸಲ ಗದರಿದರು. ದೇವಿರಮ್ಮ ನಮ್ಮಿಬ್ಬರ ಮಧ್ಯೆ ಕೂತಿದ್ದಳು.

ಆ ಹುಡುಗಿ ಒಳ್ಳೆಯವಳು. ನಿಮ್ಮಪ್ಪನನ್ನು ತೂಕಕ್ಕೆ ಕರೆದುಕೊಂಡು ಹೋದಾಗ ನನ್ನನ್ನು ಒಳಗೆ ಬಿಟ್ಟಳು. ಡಾಕ್ಟರು "ಹೇಳಿ ಅಮ್ಮ" ಎಂದರು. ಮಂಡಿನೋವು ಎನ್ನುವ ಮಾತು ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ಸೆರಗು ಸರಿಸಿ ಕತ್ತು ತೋರಿಸಿದೆ.

"ನಮ್ಮೆಜಮಾನ್ರು ಟವೆಲ್‌ನಾಗೆ ಬಿಗುದ್ರು. ಮಾಡಿದ್ದು ಅವ್ರಿಗೆ ಗ್ಯಾನ ಇಲ್ಲ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಯಾವಾಗಿನಿಂದ ಹೊಡೀತಾರೆ?"

"ಮದ್ವೆ ಆದಾಗಿಂದ್ಲೂ ಒಡೀತಾರೆ. ಆದ್ರೆ ಇಂಗೆ ಒಡೆಯೋದು ಓದ್ ಯುಗಾದಿಯಿಂದೀಚ್ಗೆ."

"ಎರಡಕ್ಕೂ ಏನು ವ್ಯತ್ಯಾಸ ಅಮ್ಮ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಹೇಳಿದೆ. ತೋಳು ಮಡಚುವುದು, ಅರಿಶಿನ, ಬೀದಿ, ಎಮ್ಮೆ, ಸೀದ ಸಾರು, ಎಲ್ಲವನ್ನೂ. ಶುರುವಾದ ಮಾತು ನಿಲ್ಲಲಿಲ್ಲ. ಅವರು ಪೆನ್ನು ಮತ್ತೆ ಎತ್ತಿಕೊಂಡು ಎಲ್ಲವನ್ನೂ ಬರೆದುಕೊಂಡರು.

ನಿಮ್ಮಪ್ಪ ಒಳಗೆ ಬಂದ ಮೇಲೆ ಡಾಕ್ಟರು ಅವರ ಕಣ್ಣು ಮುಚ್ಚಿಸಿ ಮೂಗಿಗೆ ಕಾಫಿಪುಡಿ ಹಿಡಿದರು. "ಏನ್ ವಾಸ್ನೆ ಮೇಷ್ಟ್ರೇ?" "ಏನ್ ಹಿಡ್ದಿದ್ದೀರಿ? ಬರೀ ಕೈಯಾ?" ಎಂದರು ನಿಮ್ಮಪ್ಪ. ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು ಡಾಕ್ಟರು. ಎರಡನೆಯದಕ್ಕೇ ತಪ್ಪಿತು. ಮತ್ತೆ ತಪ್ಪಿತು. ನಿಮ್ಮಪ್ಪನ ಮುಖದಲ್ಲಿ ನರ ಎದ್ದದ್ದನ್ನು ನಾನು ಕಂಡೆ. "ಡಾಕ್ಟ್ರಮ್ಮ, ಇಂದಕ್ಕೆ ಓಗಿ!" ಎಂದು ಕೂಗಿ ಮಧ್ಯಕ್ಕೆ ಹೋದೆ. ಮಂಡಿಗೆ ತಟ್ಟಿ ನೋಡುವ ಸುತ್ತಿಗೆಯನ್ನು ಮೇಜಿನಿಂದ ಕಸಿದು ಅದರ ಉಕ್ಕಿನ ಹಿಡಿಯಿಂದ ನನ್ನ ಹುಬ್ಬಿಗೆ ಹೊಡೆದರು. ರಕ್ತ ಕಣ್ಣಿಗಿಳಿದು ಏನೂ ಕಾಣದಾಯಿತು. ಕುರ್ಚಿ ಬಿದ್ದ ಸದ್ದು, ಗಾಜು ಒಡೆದ ಸದ್ದು, ದೇವಿರಮ್ಮನ ಕೂಗು. ಕಣ್ಣೊರೆಸಿಕೊಂಡು ನೋಡಿದರೆ ಆಸ್ಪತ್ರೆಯ ಮೂವರು ಅವರನ್ನು ನೆಲಕ್ಕೆ ಒತ್ತಿ ಹಿಡಿದು ಸೂಜಿ ಚುಚ್ಚುತ್ತಿದ್ದರು. ಡಾಕ್ಟರು ಬಿಳಿಚಿಕೊಂಡಿದ್ದರು. ಆದರೂ ಮೊದಲು ನನ್ನ ಹುಬ್ಬಿಗೆ ಹೊಲಿಗೆ ಹಾಕಿಸಿದರು.

ಅವತ್ತೇ ಸ್ಕ್ಯಾನ್ ಆಯಿತು. ಹುಬ್ಬುಗಳ ಹಿಂದೆ, ಮಿದುಳಿನ ಮುಂಭಾಗದ ಅಡಿಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ. ವಾಸನೆಯ ನರ ಅದರ ಕೆಳಗೆ ಸಿಕ್ಕಿ ನಲುಗಿದೆಯಂತೆ. ಕೋಪ, ಮರೆವು, ಉಚ್ಚೆ ಎಲ್ಲಕ್ಕೂ ಅದೇ ಕಾರಣ. "ಕ್ಯಾನ್ಸರ್ರು ಇದ್ದಂಗಿಲ್ಲ, ತೆಗೀಬೌದು, ತೆಗೀದೆ ಬುಟ್ರೆ ಕಣ್ಣೂ ಓಯ್ತದೆ, ಅಂಗಾ?" ಎಂದು ನನ್ನ ಮಾತಿನಲ್ಲಿ ತಿರುಗಿ ಕೇಳಿದೆ. "ಸರಿಯಾಗಿ ಹೇಳಿದ್ರಿ" ಎಂದರು.

ಮೈಸೂರಿನಲ್ಲಿ ಆಪರೇಷನ್. ರಕ್ತ ಬೇಕಾಗಬಹುದಂತೆ. ನಿನ್ನದೂ ಅವರದೂ ಒಂದೇ ಗುಂಪು. ಬಾ ಎಂದು ನಾನು ಬರೆಯುವುದಿಲ್ಲ.

ಅವ್ವ


ಮಳವಳ್ಳಿ
22 ಫೆಬ್ರವರಿ 2024

ಅವ್ವಾ,

ರಕ್ತ ಕೊಟ್ಟು ಹಾಗೇ ಬಸ್ಸು ಹತ್ತಬೇಕೆಂದೇ ಮೈಸೂರಿಗೆ ಬಂದಿದ್ದೆ. ನೀನು ಔಷಧಿ ತರಲು ಹೋಗಿದ್ದಾಗ ಒಮ್ಮೆ ಒಳಗೆ ಇಣುಕಿದೆ. ತಲೆಗೆಲ್ಲ ಬಟ್ಟೆ, ಮುಖ ಬಾತು ಕಣ್ಣು ಮುಚ್ಚಿಹೋಗಿತ್ತು. "ಯಾರವ್ವಾ?" ಎಂದರು. ಹೆಸರು ಹೇಳಿದೆ. ಮಗುವಿನ ಹಾಗೆ ಅತ್ತುಬಿಟ್ಟರು. ತಡಕಾಡಿ ನನ್ನ ಕೈ ಹಿಡಿದರು. ಬೆರಳು ಮುಟ್ಟಿ, "ಇದ್ಯಾಕ್ ಮಗಾ ಇಂಗೆ ಸೆಟ್ಕೊಂಡೈತೆ?" ಎಂದರು.

ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಎಲ್ಲವೂ ಅದೇ ಆಗಿದ್ದರೆ? ನಾನು ಇಷ್ಟು ವರ್ಷ ಒಂದು ಗಡ್ಡೆಯನ್ನು ದ್ವೇಷಿಸುತ್ತಿದ್ದೆನಾ? ಡಾಕ್ಟರನ್ನೇ ಕೇಳಿದೆ. ಇಂಥ ಗಡ್ಡೆ ಬಹಳ ನಿಧಾನವಾಗಿ ಬೆಳೆಯುತ್ತದೆ, ಹತ್ತು ವರ್ಷದಿಂದ ಇದ್ದಿರಬಹುದು, ಮೂವತ್ತು ಎಂದು ಹೇಳಲಾರೆ ಎಂದರು. ಹೇಳಲಾರೆ ಅಂದರೆ ಇಲ್ಲ ಎಂದಲ್ಲವಲ್ಲ ಅವ್ವಾ?

ಅಪ್ಪನಿಗೆ ಉಣ್ಣೆಯ ಟೋಪಿ ಕಳಿಸಿದ್ದೇನೆ. ಹೊಲಿಗೆಗೆ ಗಾಳಿ ತಾಗದಂತೆ ನೋಡಿಕೋ.

ಅರ್ಪಿತ


ಮಳವಳ್ಳಿ
12 ಮೇ 2024

ಅವ್ವಾ,

ಫೆಬ್ರವರಿಯ ಕಾಗದಕ್ಕೂ ಆಮೇಲೆ ಬರೆದ ಇನ್ನೊಂದಕ್ಕೂ ಉತ್ತರವಿಲ್ಲ. ಅಪ್ಪ ವಾರವಾರ ಫೋನು ಮಾಡುತ್ತಾರೆ. ದನಿ ಗಟ್ಟಿಯಾಗಿದೆ, ಊರಿನವರ ಸುದ್ದಿಯೆಲ್ಲ ನೆನಪಿಟ್ಟು ಹೇಳುತ್ತಾರೆ. ನಿನಗೆ ಕೊಡಿ ಎಂದರೆ, "ಇತ್ಲಲ್ಲವ್ಳೆ ಕಣ್ ಮಗಾ" ಎಂದು ನಗುತ್ತಾರೆ. ಪ್ರತಿ ಸಲವೂ ನೀನು ಹಿತ್ತಲಲ್ಲೇ ಇರುತ್ತೀಯ.

ಒಂದು ಸಾಲು ಬರೆ.

ಅರ್ಪಿತ


ಬೆಸಗರಹಳ್ಳಿ
9 ಜೂನ್ 2024

ಅರ್ಪಿತ,

ನಿಮ್ಮಪ್ಪನಿಗೆ ಪೂರ್ತಿ ವಾಸಿಯಾಗಿದೆ.

ಆಪರೇಷನ್ ಆದ ಮೇಲೆ ಎರಡು ತಿಂಗಳು ನಾನು ಕಂಡರಿಯದ ಗಂಡಸೊಬ್ಬರು ಈ ಮನೆಯಲ್ಲಿದ್ದರು. ನನ್ನ ಹುಬ್ಬಿನ ಗಾಯ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಚಿಕ್ಕಬೋರಯ್ಯನ ಮನೆಗೆ ಹೋಗಿ ಅವನ ಕೈ ಹಿಡಿದುಕೊಂಡರು. ನಾನೂ ನಂಬಿದೆ. ಐವತ್ತು ದಾಟಿದ ಮೇಲೆ ಗಂಡನ ಪಕ್ಕ ಹೆದರಿಕೆಯಿಲ್ಲದೆ ಮಲಗಿದೆ ಎಂದು ಮಗಳಿಗೆ ಬರೆಯಲು ನಾಚಿಕೆಯಾಯಿತು, ಬರೆಯಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಆಸ್ಪತ್ರೆಯ ಕಾಗದಗಳನ್ನು ಹರಡಿಕೊಂಡು ಓದುತ್ತಿದ್ದರು. ಡಾಕ್ಟರು ಅವತ್ತು ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದಿದ್ದರಲ್ಲ, ಮದುವೆಯಾದಾಗಿನಿಂದಲೂ ಎಂದು, ಅಲ್ಲಿಗೆ ಬಂದರು. ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು. ಅಂಗಿಯ ತೋಳು ಮಡಚಿದರು. ಅದು ನನಗೆ ಗೊತ್ತಿದ್ದ ಮುಖ.

"ಡಾಕ್ಟ್ರ ತಾವ ನನ್ ಮರ್ವಾದೆ ಕಳ್ದಲ್ಲೇ" ಎಂದರು. ದನಿ ಏರಿಸಲಿಲ್ಲ. ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮುರಿದು ಕೂಡಿಕೊಂಡಿದ್ದ ಪಕ್ಕೆಲುಬು ಎಲ್ಲಿದೆ ಎಂದು ಬೆರಳಿನಲ್ಲಿ ತಡವಿ ಹುಡುಕಿದರು. ಸಿಕ್ಕಿತು. ಅಲ್ಲಿಗೇ ಗುದ್ದಿದರು. ನಾನು ಕುಸಿದರೆ ಎತ್ತಿ ನಿಲ್ಲಿಸಿ ಅಲ್ಲಿಗೇ ಗುದ್ದಿದರು. ಬಾಯಿಗೆ ನನ್ನ ಸೆರಗನ್ನೇ ತುರುಕಿದ್ದರು. ದೇವಿರಮ್ಮ ಬಾಗಿಲು ತಟ್ಟಿದಾಗ, "ಏನಿಲ್ಲ ಕಣಮ್ಮ, ಗೋಡೆ ಮೊಳೆ ಒಡೀತಿದ್ದೆ" ಎಂದು ನಕ್ಕರು. ಆಮೇಲೆ ಅರಿಶಿನ ಕಲಸಿ ತಂದು ಪಕ್ಕದಲ್ಲಿಟ್ಟರು. ಅದರಿಂದೀಚೆಗೆ ನಿಂತಿಲ್ಲ.

ಎಲ್ಲವೂ ಗಡ್ಡೆಯೇ ಆಗಿದ್ದರೆ ಎಂದು ನೀನು ಕೇಳಿದ್ದೆ. ನಿನಗೆ ಆಗಷ್ಟೇ ಅಪ್ಪ ಸಿಕ್ಕಿದ್ದರು. ಅದಕ್ಕೇ ಉತ್ತರ ಬರೆಯಲಿಲ್ಲ.

ಜುಲೈ ನಾಲ್ಕಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿ ಡಾಕ್ಟರಿಗೆ ತೋರಿಸಬೇಕು. ಹೋದ ಸಲ ನೀನು ಅವರಿಗಾಗಿ ಏನು ಹೇಳಬೇಕೆಂದು ಬರೆದು ಕಳಿಸಿದ್ದೆ. ಈ ಸಲ ನನಗಾಗಿ ಬರೆ.

ಅವ್ವ


ಮಳವಳ್ಳಿ
13 ಜೂನ್ 2024

ಅವ್ವಾ,

ಕೆಲಸಕ್ಕೆ ರಜೆ ಹಾಕಿ ಒಂದು ದಿನವೆಲ್ಲ ಕೂತಿದ್ದೆ. ಅದರ ಬಗ್ಗೆ ಈಗ ಬೇಡ.

ನೀನು ತಡೆಯಲಾರೆ ಎನ್ನಿಸಿದರೆ ಜುಲೈವರೆಗೆ ಕಾಯಬೇಡ, ಉಟ್ಟ ಸೀರೆಯಲ್ಲಿ ಬಸ್ಸು ಹತ್ತು. ಕಾಯುವುದಾದರೆ, ಅವತ್ತು ಮೊದಲು ನೀನೊಬ್ಬಳೇ ಒಳಗೆ ಹೋಗು. ಪಕ್ಕೆ ತೋರಿಸು. ಬಿದ್ದೆ ಎನ್ನಬೇಡ, ನೋವು ಎಂದೂ ಅನ್ನಬೇಡ. ಗಂಡ ಗುದ್ದಿದರು ಎನ್ನು. ಯಾರು ಗುದ್ದಿದರು ಎನ್ನುವುದನ್ನು ಅವರು ಬರೆದುಕೊಳ್ಳುವವರೆಗೆ ಏಳಬೇಡ. ಎಕ್ಸ್‌ರೇ ಮಾಡಿಸಿ ಎಂದು ನೀನೇ ಕೇಳು. ಆತನ ಹೊಸ ಸ್ಕ್ಯಾನಿನಲ್ಲಿ ಏನಿದೆ ಎಂದು ಕೇಳು. ಈಗ ಹೊಡೆಯುವುದು ಕಾಯಿಲೆಯಿಂದಲಾ ಎಂದು ಕೇಳು, ಅವರು ಹೇಳುವುದನ್ನು ಬರೆಸಿಕೋ. ಆಧಾರ್ ಕಾರ್ಡು ಕುಪ್ಪಸದೊಳಗಿರಲಿ. ಬೇರೇನೂ ತರಬೇಡ, ಅನುಮಾನ ಬರುತ್ತದೆ.

ನಾನು ಬರುತ್ತೇನೆ. ಎಕ್ಸ್‌ರೇ ಕೋಣೆಯ ಹತ್ತಿರ ಇರುತ್ತೇನೆ.

ನಿನ್ನ ಮಗಳು
ಅರ್ಪಿತ


ಮಳವಳ್ಳಿ
20 ಜುಲೈ 2024

ಮರಿಸಿದ್ದಯ್ಯ ಮೇಷ್ಟ್ರಿಗೆ,

ನಾನು ಎಲ್ಲಿದ್ದೇನೆ ಎಂದು ನಿಮಗೆ ಗೊತ್ತು. ಇಲ್ಲಿಗೆ ಬರಕೂಡದು ಎಂದು ನ್ಯಾಯಾಲಯ ಹೇಳಿರುವುದೂ ಗೊತ್ತು. ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಳಗೆ ಏನಾಯಿತು ಎಂದು ಚಿಕ್ಕಬೋರಯ್ಯನ ಕೈಲಿ ಕೇಳಿಸುತ್ತಿದ್ದೀರಂತೆ. ಅವನಿಗೆ ಗೊತ್ತಿಲ್ಲ. ನಾನೇ ಬರೆಯುತ್ತೇನೆ.

ಕೂತೊಡನೆ ಕುಪ್ಪಸದ ಗುಂಡಿ ಬಿಚ್ಚಿ ಪಕ್ಕೆ ತೋರಿಸಿದೆ. ಡಾಕ್ಟರು ಮುಟ್ಟಿದ ಕಡೆಯೆಲ್ಲ ನಾನು ಹೌಹಾರಿದೆ. ಕಪ್ಪಗಾಗಿದ್ದು, ಹಸಿರಾಗಿದ್ದು, ಹಳದಿಗೆ ತಿರುಗಿದ್ದು, ಒಂದೊಂದನ್ನೂ ನೋಡಿ ಬರೆದುಕೊಂಡರು. ಎಕ್ಸ್‌ರೇಯಲ್ಲಿ ಎರಡು ಪಕ್ಕೆಲುಬು ಹೊಸದಾಗಿ ಬಿರುಕು ಬಿಟ್ಟಿದ್ದವು. ನಿಮ್ಮ ಸ್ಕ್ಯಾನು ಗೋಡೆಯ ಬೆಳಕಿಗೆ ಹಿಡಿದು ತೋರಿಸಿದರು. ಗಡ್ಡೆ ಇದ್ದ ಜಾಗ ಖಾಲಿ. "ಅಂಗಾರೆ ಈಗ ಒಡೀತಿರೋದು ಯಾರು ಡಾಕ್ಟ್ರಮ್ಮ?" ಎಂದು ಕೇಳಿದೆ. ಅವರು ಹೇಳಿದರು, "ವಾಸನೆ ಒಂದು ಬಿಟ್ರೆ ಹೋದ ವರ್ಷದ ಲಕ್ಷಣ ಯಾವುದೂ ಈಗಿಲ್ಲ ಅಮ್ಮ. ಬಾಗಿಲು ಹಾಕಿ, ಜಾಗ ಹುಡುಕಿ ಹೊಡೀತಾರೆ ಅಂದ್ರೆ ಅವರಿಗೆ ಗೊತ್ತಿದ್ದೇ ಹೊಡೀತಾರೆ." ಅದನ್ನೇ ಬರೆದು ಸಹಿ ಮಾಡಿ ಕೊಟ್ಟರು.

ಆಮೇಲಿನದು ನಿಮಗೆ ಗೊತ್ತಿರುವುದೇ. ಎಕ್ಸ್‌ರೇ ಕೋಣೆಯ ಹತ್ತಿರ ಕಾದಿದ್ದ ಅರ್ಪಿತಳ ಜೊತೆ ಬಸ್ ಸ್ಟ್ಯಾಂಡಿಗೆ ಹೋಗಿ ನಾನು ಮಳವಳ್ಳಿಯ ಬಸ್ಸಿಗೆ ಕಾಲಿಟ್ಟಾಗ ನೀವು ಹಿಂದಿನಿಂದ ಬಂದು ಮಣಿಕಟ್ಟು ಹಿಡಿದಿರಿ. ಜನ ನೋಡುತ್ತಾರೆಂದು ಮುಖದಲ್ಲಿ ನಗು ಇತ್ತು. ನಗುತ್ತಲೇ ತಿರುಚಿದಿರಿ. ಮೂಳೆ ಲಟಕ್ಕೆಂದದ್ದು ಕಂಡಕ್ಟರಿಗೂ ಕೇಳಿಸಿತಂತೆ. ನಾನು ಕೂಗಿದೆ. ಆ ದನಿ ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ. ಅರ್ಪಿತ ನಿಮ್ಮ ಕೈಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಜನ ಕವಿದುಕೊಂಡಾಗ ನೀವು ಟೋಪಿ ತೆಗೆದು ಹೊಲಿಗೆಯ ಗುರುತು ತೋರಿಸಿ, "ಮಿದ್ಳು ಆಪ್ರೇಸನ್ ಆಗೈತೆ ಕಣ್ರಪ್ಪ, ನಂಗೇನೂ ತಿಳ್ಯಾಕಿಲ್ಲ" ಎಂದಿರಿ. ಅಯ್ಯೋ ಪಾಪ ಅಂದವರೂ ಇದ್ದರು. ಪೊಲೀಸರ ಮುಂದೆಯೂ ಅದನ್ನೇ ಹೇಳಿದಿರಿ. ಅರ್ಪಿತ ಡಾಕ್ಟರ ಕಾಗದವನ್ನು ಮೇಜಿನ ಮೇಲಿಟ್ಟಳು. ಈ ಸಲ ಪೊಲೀಸರು ನನ್ನನ್ನು ಕೇಳಿದಾಗ ನಾನು ನಿಮ್ಮ ಕಡೆ ನೋಡಲಿಲ್ಲ.

ಕೇಸು ನಡೆಯಲಿ. ಅದು ಬೇರೆ. ನಿಮ್ಮ ಮಾತ್ರೆಯ ವಿಷಯ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನನಗೆ ಮಾತ್ರ ಗೊತ್ತು. ಫಿಟ್ಸ್ ಬರದಿರಲು ಕೊಟ್ಟದ್ದು ಬೆಳಿಗ್ಗೆ ಒಂದು, ರಾತ್ರಿ ಊಟವಾದ ಮೇಲೆ ಒಂದು. ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ. ವಾಸನೆ ಮತ್ತೆ ಬರುವುದಿಲ್ಲ ಎಂದಿದ್ದಾರೆ, ಹಾಲು ಹಳಸಿದೆಯಾ ಎಂದು ನಾಲಿಗೆಗೆ ಹಚ್ಚಿ ನೋಡಿಕೊಳ್ಳಿ. ಎಮ್ಮೆಯನ್ನು ದೇವಿರಮ್ಮ ಹೊಡೆದುಕೊಂಡು ಹೋಗಿದ್ದಾಳೆ, ಹುಡುಕಬೇಡಿ.

ಮುಂದಿನ ತಪಾಸಣೆ ಜನವರಿಯಲ್ಲಿ. ಚಿಕ್ಕಬೋರಯ್ಯ ಬರುವುದಿಲ್ಲ ಎಂದಿದ್ದಾನೆ, ನಾನೂ ಇರುವುದಿಲ್ಲ. ಒಬ್ಬರೇ ಹೋಗಿ ಹೆಸರು ಬರೆಸಿ. ತಲೆ ಸುತ್ತು ಬಂದರೆ, ಕೈ ನಡುಗಿದರೆ ಮುಚ್ಚಿಡದೆ ಹೇಳಿ. ಜೊತೆಗೆ ಯಾರು ಬಂದಿದ್ದಾರೆ ಎಂದು ಡಾಕ್ಟರು ಕೇಳಿದರೆ ಯಾರೂ ಇಲ್ಲ ಎನ್ನಿ. ಯಾಕೆ ಎಂದು ಅವರು ಕೇಳುವುದಿಲ್ಲ.

ಹೊಂಬಾಳಮ್ಮ